ಭಾನುವಾರದ ಸೇಡು

ನನ್ನ ಓರಗಿತ್ತಿಯ ಮೇಲೆ ಸೇಡು ತೀರಿಸಿಕೊಳ್ಳಬೇಕು ಅಂತ ನಾನು ನಿರ್ಧಾರ ಮಾಡಿದ್ದು ಮದ್ರಾಸಿನ ಸಿಟಿ ಬಸ್ಸಿನಲ್ಲಿ, ಅಡ್ಯಾರ್ ಸೇತುವೆಯ ಮೇಲೆ, ಮೇ ತಿಂಗಳ ಒಂದು ಭಾನುವಾರ. ಇಂಥದ್ದನ್ನು ಬರೆಯುವ ಎಷ್ಟೋ ಜನ ಕೊನೆಗೆ ಮನಸ್ಸು ಕರಗಿತು ಎನ್ನುತ್ತಾರೆ. ನನ್ನದು ಪೂರ್ತಿ ಕರಗಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾವಿರುವುದು ಉತ್ತರ ಮದ್ರಾಸಿನ ರಾಯಪುರಂನಲ್ಲಿ, ಬಂದರಿನ ಗೋಡೆಯಿಂದ ನಾಲ್ಕು ಬೀದಿ ಈಚೆ. ನನ್ನ ಗಂಡ ರೈಲ್ವೆಯಲ್ಲಿ ಇಂಜಿನ್ ರಿಪೇರಿ ಮಾಡುವ ಶೆಡ್ಡಿನ ಟೆಕ್ನಿಷಿಯನ್. ನಾನು ಮನೆಯಲ್ಲೇ ಕೂತು ಬ್ಲೌಸ್ ಹೊಲಿಯುತ್ತೇನೆ. ಊರು ತಿಪಟೂರು. ಅಲ್ಲಿಂದ ಮೊದಲು ಮದ್ರಾಸಿಗೆ ಬಂದವರು ನನ್ನ ಗಂಡನ ಅಣ್ಣ, ಕೊಬ್ಬರಿ ವ್ಯಾಪಾರಕ್ಕೆ. ವ್ಯಾಪಾರ ಕೈ ಹಿಡಿಯಿತು. ಈಗ ಅವರು ಪೆರುಂಗುಡಿಯಲ್ಲಿ, ಕಂಪ್ಯೂಟರ್ ಆಫೀಸುಗಳ ನಡುವೆ ಎದ್ದಿರುವ ದೊಡ್ಡ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿದ್ದಾರೆ. ಕೆಳಗೆ ಈಜುಕೊಳ, ಜಿಮ್, ಕ್ಲಬ್ ಹೌಸ್, ಮಕ್ಕಳು ಬಿದ್ದರೂ ಪೆಟ್ಟಾಗದ ರಬ್ಬರ್ ನೆಲ ಎಲ್ಲ ಇವೆ. ಭಾವನಿಗೆ ಒಬ್ಬಳೇ ಮಗಳು, ಒಂಬತ್ತು ವರ್ಷ. ನನಗೆ ಇಬ್ಬರು ಹೆಣ್ಣುಮಕ್ಕಳು. ಆಗ ದೊಡ್ಡವಳಿಗೆ ಹನ್ನೊಂದು, ಚಿಕ್ಕವಳಿಗೆ ಏಳು.

ಬೇಸಿಗೆ ರಜೆ ಶುರುವಾದಾಗ ಓರಗಿತ್ತಿಯೇ ಫೋನ್ ಮಾಡಿ ಕರೆದಳು. "ಭಾನುವಾರ ಮಕ್ಕಳನ್ನ ಕರ್ಕೊಂಡು ಬಾರೇ. ಅಲ್ಲಿ ಬಿಸಿಲಲ್ಲಿ ಏನ್ ಮಾಡ್ತಾವೆ? ಇಲ್ಲಿ ಪೂಲ್ ಇದೆ, ಬಿದ್ದು ಒದ್ದಾಡ್ಕೊಳ್ಲಿ."

ನಾನು ಖುಷಿಯಾಗಿ ಹೋದೆ. ಪೂಲಿಗೆ ಹತ್ತಿಬಟ್ಟೆ ಬಿಡುವುದಿಲ್ಲ ಎಂದಿದ್ದಕ್ಕೆ ಬಟ್ಟೆ ಅಂಗಡಿಗಳಿರುವ ಪ್ಯಾರಿಸ್ ಕಾರ್ನರ್‌ಗೆ ಹೋಗಿ ನೈಲಾನ್ ಬಟ್ಟೆ ತಂದು ಇಬ್ಬರಿಗೂ ನಾನೇ ಈಜುಡುಗೆ ಹೊಲಿದೆ. ಎರಡು ವಾರ ಚೆನ್ನಾಗಿತ್ತು. ಮೂರನೇ ವಾರ ಓರಗಿತ್ತಿಯ ಅಪಾರ್ಟ್‌ಮೆಂಟಿನ ಗೆಳತಿಯರು ನಾಲ್ಕೈದು ಜನ ಪೂಲಿನ ಪಕ್ಕ ಬೆತ್ತದ ಕುರ್ಚಿಗಳಲ್ಲಿ ಕೂತಿದ್ದರು. ನಾನು ಚಿಕ್ಕವಳಿಗೆ ಬಟ್ಟೆ ಬದಲಾಯಿಸಲು ಒಳಗೆ ಹೋಗಿ ಬರುವಷ್ಟರಲ್ಲಿ ದೊಡ್ಡವಳು ನೀರಿನಿಂದ ಎದ್ದು, ಟವೆಲ್ ಸುತ್ತಿಕೊಂಡು ನಿಂತಿದ್ದಳು.

"ಪೋಲಾಂಮಾ," ಅಂದಳು. ಹೋಗೋಣ ಅಂತ. ನಾವು ಕನ್ನಡದಲ್ಲಿ ಕೇಳಿದರೆ ನಮ್ಮ ಮಕ್ಕಳು ತಮಿಳಿನಲ್ಲೇ ಉತ್ತರ ಕೊಡುವುದು.

"ಈಗ ತಾನೆ ಬಂದ್ವಲ್ಲೇ. ಊಟ ಮಾಡ್ಕೊಂಡು ಹೋಗೋಣ."

"ತಲೆನೋವು."

ಬಸ್ಸಿನಲ್ಲಿ ಕೂತ ಮೇಲೆ ಕೇಳಿದೆ. ಕಿಟಕಿ ಕಡೆ ನೋಡುತ್ತಲೇ ಹೇಳಿದಳು. ಗೆಳತಿಯರಲ್ಲಿ ಒಬ್ಬಳು, ಈ ಮಕ್ಕಳು ಯಾರು ಅಂತ ಕೇಳಿದಳಂತೆ. ಓರಗಿತ್ತಿ "ತೆರಿಂಜವಂಗ ಪಸಂಗ" ಅಂದಳಂತೆ. ಗೊತ್ತಿರೋರ ಮಕ್ಕಳು. ಆಮೇಲೆ ಸ್ವಲ್ಪ ದನಿ ಇಳಿಸಿ, "ನಾರ್ತ್ ಮದ್ರಾಸ್ ಕಡೆಯೋರು, ಪಾಪ, ಆ ಕಡೆ ಮಕ್ಕಳಿಗೆ ಏನೂ ಇಲ್ಲ, ಮೀನು ವಾಸನೆ ಒಂದೇ" ಅಂದಳಂತೆ.

"ನಾವು ಗೊತ್ತಿರೋರಾ ಅಮ್ಮ?" ಚಿಕ್ಕವಳು ಕೇಳಿದಳು.

ಬಸ್ಸು ಸೇತುವೆ ಹತ್ತಿತ್ತು. ನನಗೆ ಕಿವಿಯವರೆಗೂ ಬಿಸಿಯಾಯಿತು. ಒಂದೇ ಮನೆಯ ಸೊಸೆಯರು ನಾವು. ಅವಳಿಗೆ ಬಾಣಂತನವಾದಾಗ ಒಂದೂವರೆ ತಿಂಗಳು ನಾನು ಅವಳ ಬಟ್ಟೆ ಒಗೆದಿದ್ದೆ. ಅಲ್ಲೇ, ಬಸ್ಸಿನಲ್ಲೇ, ಮನಸ್ಸಿನಲ್ಲಿ ಒಂದು ಮಾತು ಗಟ್ಟಿ ಮಾಡಿಕೊಂಡೆ. ನಮ್ಮ ಕಡೆ ಏನೂ ಇಲ್ಲ ಅಂದಳಲ್ಲ, ಅವಳ ಮಗಳೇ ನಮ್ಮ ಕಡೆ ಬರಬೇಕು ಅಂತ ಅಳುವ ಹಾಗೆ ಮಾಡುತ್ತೇನೆ.

ಶುರುವಿನಲ್ಲಿ ನನಗೆ ಏನೂ ಗೊತ್ತಿರಲಿಲ್ಲ. ಮುಂದಿನ ಭಾನುವಾರ ಮಕ್ಕಳನ್ನು ಒಂದು ಮಾಲ್‌ಗೆ ಕರೆದುಕೊಂಡು ಹೋದೆ. ಎಸ್ಕಲೇಟರಿನಲ್ಲಿ ಏಳು ಸಲ ಮೇಲೆ ಹೋಗಿ ಏಳು ಸಲ ಕೆಳಗೆ ಬಂದೆವು. ಆಟದ ಜಾಗಕ್ಕೆ ಕಾರ್ಡ್ ಮಾಡಿಸಬೇಕಂತೆ. ಅದರ ದರ ಕೇಳಿ ಸುಮ್ಮನೆ ಈಚೆ ಬಂದೆ. ಚಿಕ್ಕವಳು ಗಾಜಿಗೆ ಎರಡೂ ಅಂಗೈ ಒತ್ತಿಕೊಂಡು ಒಳಗೆ ಆಡುವ ಮಕ್ಕಳನ್ನು ನೋಡುತ್ತಾ ನಿಂತಳು. ಕಾವಲಿನವನು ಬಂದು ಗಾಜು ಮುಟ್ಟಬೇಡಿ ಅಂದ. ಆದರೂ ಕಾರಂಜಿಯ ಮುಂದೆ ನಿಲ್ಲಿಸಿ, ನಗಿಸಿ, ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಓರಗಿತ್ತಿ ಒಂದು ಹೆಬ್ಬೆರಳು ಕಳಿಸಿದಳು. ಅದರ ಮುಂದಿನ ವಾರ ಮಧ್ಯಾಹ್ನದ ಹೊತ್ತಿನಲ್ಲಿ ಮರೀನಾಗೆ ಹೋಗಿ ಮೂರೂ ಜನ ಅಂಗಾಲು ಸುಟ್ಟುಕೊಂಡು ಬಂದೆವು. ಆ ಫೋಟೋ ಹಾಕಲೂ ಇಲ್ಲ.

ನಮ್ಮ ಬೀದಿಯ ಕೊನೆಗೆ ಶೀಟು ಹೊದಿಸಿದ ಒಂದು ಕೋಣೆ ಇದೆ. ಅದು ಕೇರಂ ಕ್ಲಬ್ಬು. ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತರಾದ ಒಬ್ಬ ಮುದುಕರು ಅದನ್ನು ನೋಡಿಕೊಳ್ಳುತ್ತಾರೆ. ಬೀದಿಯವರಿಗೆಲ್ಲ ಅವರು ತಾತ. ಸುಟ್ಟ ಕಾಲು ಎಳೆದುಕೊಂಡು ಬರುತ್ತಿದ್ದ ನಮ್ಮನ್ನು ಅವರು ನೋಡಿದರು.

"ಏಮ್ಮಾ, ವಾರ ವಾರ ಚೀಲ ಹಿಡ್ಕೊಂಡು ಹೋಗ್ತೀಯ, ಜೋಲು ಮುಖ ಹಾಕ್ಕೊಂಡು ಬರ್ತೀಯ. ಏನು ಸಮಾಚಾರ?" ಅವರದು ರಾಯಪುರಂನ ಅಪ್ಪಟ ತಮಿಳು.

ಯಾಕೋ ಅವರ ಹತ್ತಿರ ಎಲ್ಲ ಹೇಳಿಬಿಟ್ಟೆ. ಈಜುಕೊಳ, ಬಸ್ಸು, ಮಗಳು, ಎಲ್ಲ. ಅವರು ಸಮಾಧಾನ ಹೇಳಲಿಲ್ಲ.

"ಮೀನು ವಾಸನೆ ಅಂದ್ಲಾ?" ಅಂದರು. ಆ ಮಾತು ಅವರಿಗೂ ತಾಗಿತ್ತು. "ನಾಳೆ ಬೆಳಿಗ್ಗೆ ಐದಕ್ಕೆ ಮಕ್ಕಳನ್ನ ಎಬ್ಬಿಸು. ನಾನೇ ಕರ್ಕೊಂಡು ಹೋಗ್ತೀನಿ."

ಅವರು ಕರೆದುಕೊಂಡು ಹೋಗಿದ್ದು ಕಾಸಿಮೇಡಿನ ಮೀನು ಬಂದರಿಗೆ. ನಮ್ಮದು ಮೊಟ್ಟೆ ಕೂಡ ಒಳಗೆ ಬಾರದ ಮನೆ. ಮೊದಲ ಹತ್ತು ನಿಮಿಷ ನಾನು ಸೆರಗು ಮೂಗಿಗೆ ಒತ್ತಿಕೊಂಡೇ ನಡೆದೆ. ಆಮೇಲೆ ಮರೆತೆ. ಬಣ್ಣ ಬಣ್ಣದ ದೋಣಿಗಳು ಒಂದಕ್ಕೊಂದು ಉಜ್ಜಿಕೊಂಡು ಬಂದು ನಿಲ್ಲುತ್ತಿದ್ದವು. ಬುಟ್ಟಿಗಳು ಕೈಯಿಂದ ಕೈಗೆ ಹಾರುತ್ತಿದ್ದವು. ಸೀರೆ ಎತ್ತಿ ಕಟ್ಟಿದ ಹೆಂಗಸರು ಹರಾಜು ಕೂಗುವ ವೇಗಕ್ಕೆ ಚಿಕ್ಕವಳು ಬಾಯಿ ತೆರೆದುಕೊಂಡು ನಿಂತಳು. ತನ್ನಷ್ಟೇ ಉದ್ದದ ಮೀನನ್ನು ನೋಡಿ ಅದರ ಹೆಸರು ಕೇಳಿದಳು. ಮೀನುಗಾರ ಹೆಂಗಸೊಬ್ಬಳು ನಕ್ಕು ಅದರ ಬಾಲ ಇವಳ ಕೈಗೆ ಕೊಟ್ಟು, "ಹಿಡ್ಕೋ, ಫೋಟೋ ತೆಗಿಸ್ಕೋ" ಅಂದಳು.

ಆ ಫೋಟೋ ಗ್ರೂಪಿಗೆ ಹಾಕಿದ ಮೇಲೆ ತಿಪಟೂರಿನಿಂದ ಅತ್ತೆಯ ದನಿ ಬಂತು. "ಏನೇ ಇದು ಅನಾಚಾರ, ಮಗು ಮೀನು ಹಿಡ್ಕೊಂಡು ನಿಂತೈತೆ." ಗ್ರೂಪಿನಲ್ಲಿ ಎಂದೂ ಬಾಯಿ ಬಿಡದ ಭಾವ, "ಅಬ್ಬ ಎಷ್ಟು ದೊಡ್ಡದು" ಅಂತ ಬರೆದರು. ಅರ್ಧ ಗಂಟೆ ಬಿಟ್ಟು ಅವರ ಫೋನಿನಿಂದ ಒಂದು ಪುಟ್ಟ ದನಿ ಬಂತು, ನನ್ನನ್ನು ಚಿಕ್ಕಮ್ಮ ಅಂತ ತಮಿಳಿನಲ್ಲಿ ಕರೆಯುವ ಅವರ ಮಗಳದು. "ಚಿತ್ತಿ, ಇದು ಎಲ್ಲಿ? ನಾನೂ ಬರ್ತೀನಿ."

ಅದನ್ನು ನಾನು ಎಷ್ಟು ಸಲ ಹಾಕಿಕೊಂಡು ಕೇಳಿದೆನೋ ಲೆಕ್ಕವಿಲ್ಲ.

ಅಲ್ಲಿಂದ ಮುಂದೆ ನಾನು ಊರನ್ನು ಬೇಟೆಗಾರ್ತಿಯ ಹಾಗೆ ಹುಡುಕಿದೆ. ಮುಂಭಾಗಕ್ಕೆ ಗುಲಾಬಿ ಬಣ್ಣ ಬಳಿದ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಅವು ಎಲ್ಲೆಲ್ಲಿಗೆ ಹೋಗುತ್ತವೋ ಅಲ್ಲೆಲ್ಲ ಹೋದೆವು. ಪರಂಗಿಮಲೆಯ ಮೆಟ್ಟಿಲು ಹತ್ತಿ ಮೇಲೆ ಕೂತರೆ ಕೆಳಗೆ ಇಡೀ ವಿಮಾನ ನಿಲ್ದಾಣ ಕಾಣುತ್ತದೆ. ಅಲ್ಲಿ ಪುಳಿಯೋಗರೆ ತಿನ್ನುತ್ತಾ ಬಂದ ವಿಮಾನ ಹೋದ ವಿಮಾನ ಎಣಿಸಿದೆವು. ಎಗ್ಮೋರಿನ ಮ್ಯೂಸಿಯಂನಲ್ಲಿ ತಿಮಿಂಗಿಲದ ಮೂಳೆಯ ಗೂಡಿನ ಕೆಳಗೆ ಚಿಕ್ಕವಳು ತಾನು ಬಾಯಿಪಾಠ ಮಾಡಿದ್ದ ಪದ್ಯ ಹೇಳಿದಳು. ಡಿಸೆಂಬರಿನಲ್ಲಿ ಸಂಗೀತ ಸಭಾಗಳ ಬೆಳಗಿನ ಕಚೇರಿಗೆ ಟಿಕೆಟ್ ಇರುವುದಿಲ್ಲ ಅಂತ ನನ್ನ ಹತ್ತಿರ ಬ್ಲೌಸ್ ಹೊಲಿಸುವ ಒಬ್ಬರು ಹೇಳಿದರು. ಹೋಗಿ ಮೊದಲ ಸಾಲಿನಲ್ಲೇ ಕೂತೆವು. ಮಕ್ಕಳು ಎರಡನೇ ಕೃತಿಗೆ ನಿದ್ದೆ ಹೋದರು. ಪರವಾಗಿಲ್ಲ, ಫೋಟೋ ಅದಕ್ಕೆ ಮೊದಲೇ ತೆಗೆದಿದ್ದೆ. ಎಣ್ಣೂರಿಗೆ ಲೋಕಲ್ ರೈಲಿನಲ್ಲಿ ಹೋಗಿ, ನದಿ ಕಡಲು ಸೇರುವ ಕಡೆ ಹೆಜ್ಜಾರ್ಲೆ ಹಕ್ಕಿಗಳು ಕೂತಿರುವುದನ್ನು, ಅವುಗಳ ಹಿಂದೆ ಕರೆಂಟು ಮಾಡುವ ಸ್ಥಾವರದ ಚಿಮಣಿಗಳು ಹೊಗೆ ಬಿಡುವುದನ್ನು ನೋಡಿದೆವು. ಬೂದಿ ಬಿದ್ದ ನೀರು ಅದು, ಚಂದ ಅನ್ನಲಾರೆ. ಆದರೂ ದೊಡ್ಡವಳು ಅಲ್ಲಿಂದ ಏಳಲು ಒಪ್ಪಲಿಲ್ಲ.

ಎಲ್ಲ ಫೋಟೋಗಳನ್ನೂ ನಾನು ಭಾನುವಾರ ಹನ್ನೊಂದು ಗಂಟೆಗೆ ಸರಿಯಾಗಿ ಗ್ರೂಪಿಗೆ ಹಾಕುತ್ತಿದ್ದೆ. ಆ ಹೊತ್ತಿಗೆ ಓರಗಿತ್ತಿ ಪೂಲಿನ ಪಕ್ಕ ಕೂತಿರುತ್ತಾಳೆ ಅಂತ ನನಗೆ ಗೊತ್ತಿತ್ತು.

ಒಂದು ಶನಿವಾರ ಸಂಜೆ ನಾನು ರೈಲಿನ ಸಮಯ ನೋಡುತ್ತಿದ್ದಾಗ ನನ್ನ ಗಂಡ ಕೇಳಿದರು. "ನಿನಗೆ ಮಕ್ಕಳನ್ನ ಸುತ್ತಾಡಿಸೋ ಆಸೆನೋ, ಅತ್ತಿಗೆಗೆ ಹೊಟ್ಟೆ ಉರಿಸೋ ಆಸೆನೋ?"

"ಎರಡೂ."

"ಯಾವುದು ಜಾಸ್ತಿ?"

ನಾನು ರೈಲಿನ ಸಮಯ ಬರೆದುಕೊಂಡೆ. ಅವರಿಗೆ ಉತ್ತರ ಗೊತ್ತಿತ್ತು.

ಡಿಸೆಂಬರ್ ಬರುವ ಮೊದಲೇ, ನವರಾತ್ರಿ ಮುಗಿದ ಮೇಲೆ, ಓರಗಿತ್ತಿಯ ಫೋನ್ ಬಂತು. ಮಗಳು ಹಟ ಮಾಡುತ್ತಿದ್ದಾಳೆ, ನಿಮ್ಮ ಜೊತೆ ಒಂದು ಭಾನುವಾರ ಕಳಿಸಲೇ ಅಂತ. ಕೇಳುವಾಗ ಅವಳ ದನಿ ಸ್ವಲ್ಪ ಬಿಗಿಯಾಗಿತ್ತು.

"ಈ ವಾರ ಕಷ್ಟ ಅಕ್ಕ, ಜಾಗ ಇಲ್ಲ," ಅಂದೆ. ನಾವು ಹೋಗುವುದಿದ್ದದ್ದು ಲೋಕಲ್ ರೈಲಿನಲ್ಲಿ. ಅದರಲ್ಲಿ ಊರಿಗೆ ಊರೇ ಹೋಗುತ್ತದೆ. ಮುಂದಿನ ವಾರ ಮತ್ತೆ ಕೇಳಿದಳು. ಮಕ್ಕಳಿಗೆ ಪರೀಕ್ಷೆ ಅಂದೆ. ಮೂರನೇ ವಾರ ಅವಳು ಕೇಳುವಾಗ ಹಿಂದಿನಿಂದ ಹುಡುಗಿ ಅಳುವ ದನಿ ಕೇಳಿಸಿತು. ಆಗ ಹೂಂ ಅಂದೆ. ಆ ಅಳು ಕೇಳಿ ನನಗೆ ಪಾಪ ಅನಿಸಿತು ಅಂತ ಬರೆಯಬಹುದು. ನಿಜ ಹೇಳಬೇಕೆಂದರೆ ನಾನು ಅದನ್ನೇ ಕಾಯುತ್ತಿದ್ದೆ.

ಹುಡುಗಿ ಬಂದಳು. ಕಾರಿನ ಡ್ರೈವರ್ ಬೀದಿ ತುದಿಯಲ್ಲಿ ಇಳಿಸಿ ಹೋದ. ಆ ಹೊತ್ತಿಗೆ ನನ್ನ ದೊಡ್ಡವಳು ತಾತನ ಹತ್ತಿರ ಕೇರಂ ಕಲಿತು ಎರಡು ಬೀದಿಯವರಿಗೆಲ್ಲ ನೀರು ಕುಡಿಸುತ್ತಿದ್ದಳು. ಓರಗಿತ್ತಿಯ ಮಗಳು ಮೊದಲ ದಿನವೇ ಆ ಬೋರ್ಡಿಗೆ ಅಂಟಿಕೊಂಡಳು. ಬೆರಳಿನ ಉಗುರು ನೋಯುವವರೆಗೂ ಸ್ಟ್ರೈಕರ್ ಹೊಡೆದಳು. ಬೋರ್ಡಿಗೆ ಹಾಕುವ ಬೋರಿಕ್ ಪುಡಿ ಮೈಗೆಲ್ಲ ಬಳಿದುಕೊಂಡಳು. ನಾನು ಅವಳನ್ನು ಮುಖ ತೊಳೆಸದೆ, ತಲೆ ಬಾಚದೆ ಹಾಗೇ ಕಾರು ಹತ್ತಿಸಿದೆ. ಬೇಕೆಂದೇ.

ಆಮೇಲೆ ಅವಳು ವಾರ ಬಿಟ್ಟು ವಾರ ಬರತೊಡಗಿದಳು. ಒಳ್ಳೆಯ ಹುಡುಗಿ, ಕೈಯಲ್ಲಿದ್ದದ್ದನ್ನು ಹಂಚಿಕೊಳ್ಳುವವಳು. ನನ್ನ ಚಿಕ್ಕವಳ ಜುಟ್ಟನ್ನು ತಾನೇ ಕಟ್ಟುತ್ತಿದ್ದಳು. ಜನವರಿಯ ಹೊತ್ತಿಗೆ ಅವಳ ನಾಲಿಗೆಗೆ ನಮ್ಮ ಬೀದಿಯ ತಮಿಳು ಹತ್ತಿತು. ಅಪ್ಪನನ್ನು "ಇನ್ನಾ ನೈನಾ", ಏನಪ್ಪೋ, ಅಂತ ಕರೆಯುತ್ತಿದ್ದಾಳಂತೆ, ಗೆಳತಿಯರ ಎದುರಿಗೆ ಅವಳಮ್ಮನಿಗೆ ತಲೆ ಎತ್ತಲಾಗುತ್ತಿಲ್ಲವಂತೆ. ಇದನ್ನು ಭಾವ ನಗುತ್ತಾ ಹೇಳಿದರು. ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕೆ.

ಫೆಬ್ರವರಿಯಲ್ಲಿ ಹುಡುಗಿಯ ಹತ್ತನೇ ಹುಟ್ಟುಹಬ್ಬ. ಓರಗಿತ್ತಿ ಕ್ಲಬ್ ಹೌಸ್ ಗೊತ್ತು ಮಾಡಿ, ಮ್ಯಾಜಿಕ್ ಮಾಡುವವನಿಗೆ ಹೇಳಿ, ಎಲ್ಲ ಮುಗಿಸಿದ್ದಳು. ಹುಡುಗಿ ಒಪ್ಪಲಿಲ್ಲ. ಅವಳಿಗೆ ಕೇರಂ ಕ್ಲಬ್ಬೇ ಬೇಕು, ತಾತನೇ ಬೇಕು. ಎರಡು ದಿನ ಊಟ ಬಿಟ್ಟಳಂತೆ. ಕೊನೆಗೆ ಕ್ಲಬ್ ಹೌಸಿನದ್ದು ಶನಿವಾರ, ನಮ್ಮ ಬೀದಿಯದ್ದು ಭಾನುವಾರ ಅಂತ ಭಾವ ರಾಜಿ ಮಾಡಿಸಿದರು.

ಹೀಗೆ ನನ್ನ ಓರಗಿತ್ತಿ, ನಾವು ಇಲ್ಲಿಗೆ ಬಂದ ಏಳು ವರ್ಷದಲ್ಲಿ ಮೊದಲ ಸಲ ನಮ್ಮ ಬೀದಿಗೆ ಬಂದಳು. ತಿಳಿ ಹಸಿರು ರೇಷ್ಮೆ ಸೀರೆ ಉಟ್ಟು, ಚರಂಡಿ ದಾಟುವಾಗ ನೆರಿಗೆ ಎತ್ತಿ ಹಿಡಿದುಕೊಂಡು. ಕ್ಲಬ್ಬಿನ ಹೊರಗೆ ಅವಳಿಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದೆ. ಒಳಗೆ ಮಕ್ಕಳ ಗದ್ದಲ. ತಾತ ಬಿಳಿ ಶರಟು ಹಾಕಿಕೊಂಡು, ಪಂದ್ಯ ನಡೆಸುವವರ ಗತ್ತಿನಲ್ಲಿ ಅಂಕ ಬರೆಯುತ್ತಿದ್ದರು. ಬೀದಿಯ ಹೆಂಗಸರು ಕೇಕ್ ತಿನ್ನಲು ಬಂದರು. ನಮ್ಮ ಎದುರುಮನೆಯಾಕೆ, ಹೂ ಕಟ್ಟಿ ಮಾರುವವಳು, ಓರಗಿತ್ತಿಯನ್ನು ಕಾಲಿನಿಂದ ತಲೆವರೆಗೆ ನೋಡಿ ನನ್ನನ್ನು ಕೇಳಿದಳು.

"ಇವರು ಯಾರಮ್ಮಾ?"

ಒಂಬತ್ತು ತಿಂಗಳಿಂದ ನಾನು ಆ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಪಾತ್ರೆ ತೊಳೆಯುವಾಗ, ಮಿಷನ್ ತುಳಿಯುವಾಗ ಹೇಳಿ ಹೇಳಿ ನೋಡಿದ್ದೆ. ತಣ್ಣಗೆ, ನಗುನಗುತ್ತಾ ಹೇಳಬೇಕು ಅಂದುಕೊಂಡಿದ್ದೆ. ಬಾಯಿ ತೆರೆದಾಗ ದನಿ ನಡುಗಿತು.

"ತೆರಿಂಜವಂಗ," ಅಂದೆ. ಗೊತ್ತಿರೋರು.

ಎದುರುಮನೆಯಾಕೆ ಅಷ್ಟಕ್ಕೇ ಬಿಡಲಿಲ್ಲ. "ಗೊತ್ತಿರೋರಾ? ಆ ಹುಡುಗಿ ನಿನ್ನ ಚಿತ್ತಿ ಅಂತಾಳಲ್ಲ? ಮೂಗು ನೋಡು, ನಿನ್ನ ಮಕ್ಕಳ ಮೂಗೇ."

"ಗೊತ್ತಿರೋರು ಅಷ್ಟೇ," ಅಂತ ಇನ್ನೊಮ್ಮೆ ಹೇಳಬೇಕಾಯಿತು. ಈ ಸಲ ದನಿ ನಡುಗಲಿಲ್ಲ.

ಓರಗಿತ್ತಿ ತಲೆ ಎತ್ತಿ ನನ್ನನ್ನೇ ನೋಡಿದಳು. ಅವಳು ಮರೆತಿರಬಹುದು, ಅರ್ಥವೇ ಆಗದಿರಬಹುದು ಅನ್ನುವ ಭಯ ನನಗೆ ಇತ್ತು. ಮರೆತಿರಲಿಲ್ಲ. ಮುಖದ ಬಣ್ಣ ನಿಧಾನವಾಗಿ ಇಳಿಯಿತು. ಆಮೇಲೆ ಅವಳು ಎದುರುಮನೆಯಾಕೆಯ ಕಡೆ ತಿರುಗಿ, "ಆಮಾಂಮಾ, ಹೌದು, ಗೊತ್ತಿರೋರು" ಅಂತ ತಾನೇ ಹೇಳಿ, ಕೈಯಲ್ಲಿದ್ದ ಟೀ ಪೂರ್ತಿ ಕುಡಿದಳು. ಕಪ್ಪನ್ನು ಎಲ್ಲಿಡುವುದು ಅಂತ ತಿಳಿಯದೆ ಕೈಯಲ್ಲೇ ಹಿಡಿದು ಕೂತಳು. ನಾನು ಇಸಿದುಕೊಳ್ಳಲಿಲ್ಲ.

ಹೊರಡುವಾಗ ಕಾರಿನ ಹತ್ತಿರ ನನ್ನೊಬ್ಬಳನ್ನೇ ಕರೆದಳು. "ಅವತ್ತು ಪೂಲಿನ ಹತ್ತಿರ ನೀನು ಕೇಳಿಸ್ಕೊಂಡ್ಯಾ?"

"ನಾನಲ್ಲ. ದೊಡ್ಡವಳು ಕೇಳಿಸ್ಕೊಂಡ್ಲು."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಬೀದಿಯಲ್ಲಿ ಹೇಳಿದ ಮಾತಿಗಿಂತ ಇದೇ ಅವಳಿಗೆ ಹೆಚ್ಚು ಬಡಿಯಿತು. "ಅವಳ ಹತ್ರ ನಾನು..." ಅಂತ ಶುರು ಮಾಡಿ ನಿಲ್ಲಿಸಿದಳು. ಕ್ಲಬ್ಬಿನ ಬಾಗಿಲ ಕಡೆ ನೋಡಿದಳು. ಅಲ್ಲಿ ದೊಡ್ಡವಳು ತಟ್ಟೆಗಳನ್ನು ಜೋಡಿಸುತ್ತಿದ್ದಳು. ಹೋಗಿ ಮಾತಾಡಿಸು ಅಂತ ನಾನು ಒಂದು ಮಾತು ಅಂದಿದ್ದರೆ ಅವಳು ಹೋಗುತ್ತಿದ್ದಳೋ ಏನೋ. ನಾನು ಅನ್ನಲಿಲ್ಲ. "ಟ್ರಾಫಿಕ್ ಜಾಸ್ತಿ ಆಗತ್ತೆ ಅಕ್ಕ," ಅಂದೆ. ಅವಳು ಕಾರು ಹತ್ತಿದಳು.

ಅವತ್ತು ಸಂಜೆ ದೊಡ್ಡವಳು ನನ್ನ ಪಕ್ಕ ಬಂದು ಕೂತಳು. "ಪೆರಿಯಮ್ಮನಿಗೆ ಯಾಕೆ ಹಾಗೆ ಅಂದೆ?" ಅಂತ ದೊಡ್ಡಮ್ಮನ ಬಗ್ಗೆ ಕೇಳಿದಳು. ಎಲ್ಲ ಅವಳ ಕಿವಿಗೆ ಬಿದ್ದಿತ್ತು. ಈ ಹುಡುಗಿಗೆ ಬೇಡದ್ದೇ ಕೇಳಿಸುತ್ತದೆ.

"ನಿನಗೋಸ್ಕರ."

"ನಾನ್ ಕೇಕ್ಕಲಿಯೇ," ಅಂದಳು. ನಾನು ಕೇಳಲಿಲ್ಲವಲ್ಲ.

ನನ್ನ ಜಾಗದಲ್ಲಿ ನೀನಿದ್ದು, ನಿನ್ನ ಮಗಳಿಗೆ ಯಾರಾದರೂ ಹಾಗೆ ಅಂದಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿದೆ. ಅವಳು ಯೋಚಿಸಿ, ಗೊತ್ತಿಲ್ಲ, ಆದರೆ ತಂಗಿಯ ಹುಟ್ಟುಹಬ್ಬದ ದಿನ ಹೇಳುತ್ತಿರಲಿಲ್ಲ ಅಂದಳು. ದೊಡ್ಡಪ್ಪನ ಮಗಳನ್ನು ಅವಳು ತಂಗಿ ಅಂತಲೇ ಹೇಳುವುದು. ಆ ಮಾತು ನನ್ನನ್ನು ಚುಚ್ಚಿದ್ದು ನಿಜ. ಅದರ ಜೊತೆಗೆ, ಎಷ್ಟೋ ತಿಂಗಳ ಮೇಲೆ ನಾನು ಹಗುರವಾಗಿದ್ದೆ ಅನ್ನುವುದೂ ನಿಜ. ಎರಡನ್ನೂ ಬರೆದಿದ್ದೇನೆ.

ಆಮೇಲೆ ಎರಡು ತಿಂಗಳು ಹುಡುಗಿ ಬರಲಿಲ್ಲ. ನನ್ನ ಮಕ್ಕಳು ಕೇಳಿದಾಗ ಪರೀಕ್ಷೆ ಅಂದೆ. ಅಣ್ಣತಮ್ಮಂದಿರು ಫೋನಿನಲ್ಲಿ ಕೊಬ್ಬರಿ ಬೆಲೆ, ಅತ್ತೆಯ ಮಂಡಿನೋವು ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ. ನನ್ನ ಗಂಡ ಒಂದು ವಾರ ನನ್ನ ಜೊತೆ ಅಷ್ಟಕ್ಕಷ್ಟೇ ಇದ್ದರು. ಆಮೇಲೆ ಅವರೇ ಒಂದು ಭಾನುವಾರ ಶೆಡ್ಡಿನಿಂದ ಬಂದು, ಇವತ್ತು ಎಲ್ಲಿಗೂ ಹೋಗಲಿಲ್ಲವಾ ಅಂತ ಕೇಳಿದರು. ಹೋಗಲಿಲ್ಲ. ಯಾರಿಗೆ ತೋರಿಸಲು ಹೋಗಬೇಕು ಅಂತ ನನಗೆ ತೋಚುತ್ತಿರಲಿಲ್ಲ. ಮಕ್ಕಳು ಕ್ಲಬ್ಬಿಗೆ ಹೋಗಿ ಆಡಿಕೊಂಡಿದ್ದರು. ಅವರಿಗೆ ನನ್ನ ಫೋಟೋಗಳು ಎಂದೂ ಬೇಕಾಗಿರಲಿಲ್ಲ.

ಏಪ್ರಿಲ್‌ನಲ್ಲಿ ಭಾವ ಒಬ್ಬರೇ ಮಗಳನ್ನು ಕರೆದುಕೊಂಡು ಬಂದರು. ಡ್ರೈವರ್ ಇಲ್ಲ, ಕಾರಿಲ್ಲ, ರೈಲಿನಲ್ಲಿ. ಹುಡುಗಿ ಓಡಿ ಹೋಗಿ ತಾತನ ಕೈ ಹಿಡಿದುಕೊಂಡಳು. ಭಾವ ಕ್ಲಬ್ಬಿನ ಹೊರಗೆ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಒಳಗೆ ಹೋಗಿ ತಾವೂ ಒಂದು ಆಟ ಕೂತರು. ಅಂಗಡಿಯಲ್ಲಿ ಹತ್ತು ಆಳುಗಳನ್ನು ಗದರಿಸುವ ಮನುಷ್ಯನಿಗೆ ಸ್ಟ್ರೈಕರ್ ಹಿಡಿಯಲೂ ಬರುವುದಿಲ್ಲ. ತಾತ ಅವರನ್ನು ಎಲ್ಲರ ಮುಂದೆ ಬೈಯುತ್ತಾರೆ. ಅದು ಅವರಿಗೆ ಇಷ್ಟವಾದ ಹಾಗಿದೆ. ಈಗ ತಿಂಗಳಿಗೊಂದು ಸಲವಾದರೂ ಬರುತ್ತಾರೆ.

ಓರಗಿತ್ತಿ ಬರುವುದಿಲ್ಲ. ಯುಗಾದಿಗೆ ನಾನು ಫೋನ್ ಮಾಡುತ್ತೇನೆ, ಗೌರಿ ಹಬ್ಬಕ್ಕೆ ಅವಳು ಮಾಡುತ್ತಾಳೆ. ಸೆಕೆ ಎಷ್ಟಿದೆ ಅಂತ ಮಾತಾಡಿ ಇಡುತ್ತೇವೆ. ದೊಡ್ಡವಳ ಹುಟ್ಟುಹಬ್ಬಕ್ಕೆ ಒಂದು ಒಳ್ಳೆಯ ಕೇರಂ ಸ್ಟ್ರೈಕರ್ ಕಳಿಸಿದಳು, ಚೀಟಿಯಲ್ಲಿ ಏನೂ ಬರೆಯದೆ. ಮಗಳು ಥ್ಯಾಂಕ್ಸ್ ಹೇಳಲು ತಾನೇ ಫೋನ್ ಮಾಡಿದಳು. ಕೋಣೆಯ ಬಾಗಿಲು ಹಾಕಿಕೊಂಡು ಅವರಿಬ್ಬರೂ ಅರ್ಧ ಗಂಟೆ ಮಾತಾಡಿದರು. ಏನು ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೋದ ಭಾನುವಾರ ಭಾವ ಬಂದಿದ್ದರು. ಆಟ ಸೋತು ಎದ್ದು ಬಂದು, ನಾನು ಕೊಟ್ಟ ಮಜ್ಜಿಗೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರು. ಬೀದಿಯಲ್ಲಿ ಮೂರೂ ಹುಡುಗಿಯರು ತಾತನ ಹಿಂದೆ ಏನೋ ವಾದ ಮಾಡುತ್ತಾ ಹೋಗುತ್ತಿದ್ದರು.

"ಮುಂದಿನ ವಾರ ನೀವೆಲ್ಲ ಎಲ್ಲಿಗೆ ಹೋಗ್ತೀರಮ್ಮ?" ಅಂದರು. ಆಮೇಲೆ ಮಜ್ಜಿಗೆಯ ಲೋಟ ನೋಡುತ್ತಾ, "ಮನೇಲಿ ಅವಳಮ್ಮ ಕೇಳ್ತಿದ್ಲು" ಅಂದರು.

ಎಲ್ಲಿಗೆ ಅಂತ ನಾನು ಬೆಳಿಗ್ಗೆಯೇ ನಿರ್ಧಾರ ಮಾಡಿದ್ದೆ. ಪುಳಿಯೋಗರೆಗೆ ಹುಣಸೆಹಣ್ಣು ಕೂಡ ತರಿಸಿದ್ದೆ.

"ಇನ್ನೂ ಗೊತ್ತಿಲ್ಲ ಭಾವ," ಅಂದೆ.